ಏರುವ ಅಂಕಿಯ ಮುಂದೆ

ಚಿಕಿತ್ಸೆಯು ಮುಗಿದ ದಿನವೇ ರೋಗಿಯ ಚಿಂತೆಯೂ ಮುಗಿಯುವುದೆಂದು ಜನರು ತಿಳಿಯುವುದುಂಟು. ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕಾಗಿ ನಾನು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಶಿರಂಗಾಲಕ್ಕೆ ಹಿಂದಿರುಗಿ ಮೂರು ವರ್ಷಗಳಾದುವು. ಗ್ರಂಥಿಯು ಹೋಯಿತು; ರಕ್ತಪರೀಕ್ಷೆಯು ಉಳಿಯಿತು.

ಪಿ.ಎಸ್.ಎ. ಎಂಬ ವಸ್ತುವು ಮುಖ್ಯವಾಗಿ ಈ ಗ್ರಂಥಿಯಿಂದಲೇ ಹುಟ್ಟುತ್ತದೆ. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದ ಬಳಿಕ ಅದು ರಕ್ತದಲ್ಲಿ ಕಾಣಿಸದಷ್ಟು ಇಳಿಯಬೇಕು. ಎರಡು ವರ್ಷಗಳು ಹಾಗೆಯೇ ಇದ್ದಿತು. ಈ ವರ್ಷದ ಯುಗಾದಿಯ ವೇಳೆಗೆ ಮಿಲಿಲೀಟರಿಗೆ 0.08 ನ್ಯಾನೋಗ್ರಾಂ ಎಂದು ಬಂದಿತು. ಮೂರು ತಿಂಗಳ ಮೇಲೆ 0.11. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಮಗಳ ಮದುವೆಯನ್ನು ಶ್ರಾವಣದಲ್ಲಿಯೇ ಮುಗಿಸಬೇಕು, ಗದ್ದೆಯನ್ನು ಮಕ್ಕಳ ಹೆಸರಿಗೆ ಬರೆದಿಡಬೇಕು ಎಂದು ಮನೆಯಾಕೆಯೊಡನೆ ಹೇಳಿದೆನು.

“ಏನ್ರೀ, ಹೊಳೆ ಒಂದು ಮೆಟ್ಟಿಲು ಏರಿತು ಅಂತ ಯಾರಾದರೂ ಮನೆ ಖಾಲಿ ಮಾಡ್ತಾರೆಯೇ? ಹಾಗಂತ ನೋಡದೆ ಮಲಗೋದೂ ಇಲ್ಲ” ಎಂದಳು ಆಕೆ.

2018ರಲ್ಲಿಯೂ 2019ರಲ್ಲಿಯೂ ಕುಶಾಲನಗರದ ಬಡಾವಣೆಗಳಿಗೆ ಕಾವೇರಿಯು ನುಗ್ಗಿದುದನ್ನು ಕಂಡ ನಮಗೆ ಈ ಮಾತಿನ ತೂಕವು ತಿಳಿದಿದೆ. ವೈದ್ಯರೂ ಅದನ್ನೇ ವಿವರಿಸಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಅಂಕಿಯು 0.2ನ್ನು ಮುಟ್ಟಿ, ಮರುಪರೀಕ್ಷೆಯೂ ಅದನ್ನು ಸ್ಥಿರಪಡಿಸಿದರೆ ರೋಗವು ಮರಳಿತೆಂದು ಸಾಮಾನ್ಯವಾಗಿ ಎಣಿಸುವರು. ವಿಕಿರಣ ಚಿಕಿತ್ಸೆಯನ್ನಷ್ಟೇ ಪಡೆದವರ ಲೆಕ್ಕವು ಬೇರೆ: ಅವರಲ್ಲಿ ಅತಿ ಕಡಮೆಯಾಗಿದ್ದ ಅಂಕಿಯ ಮೇಲೆ 2 ಏರಬೇಕು, ನಡುವೆ ಒಮ್ಮೆ ಏರಿ ತಾನಾಗಿ ಇಳಿಯುವುದೂ ಉಂಟು. ಅಂಕಿಯು ಎಷ್ಟು ತಿಂಗಳಲ್ಲಿ ಇಮ್ಮಡಿಯಾಗುವುದೆಂಬುದನ್ನೂ ನೋಡಬೇಕು. ಪ್ರತಿಸಲವೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಹೋಲಿಕೆಯು ಸರಿಯಾಗುತ್ತದೆ.

ಮರಳಿದರೂ ದಾರಿಯು ಮುಚ್ಚಿಲ್ಲ. ಅಂಕಿಯು ಇನ್ನೂ ಚಿಕ್ಕದಾಗಿರುವಾಗಲೇ ಗ್ರಂಥಿಯಿದ್ದ ಸ್ಥಳಕ್ಕೆ ವಿಕಿರಣವನ್ನು ಕೊಟ್ಟರೆ ಫಲವು ಹೆಚ್ಚು. ರೋಗವು ಹರಡಿದವರಿಗೂ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆಯುಂಟು. ಅದರ ತಳಹದಿಯನ್ನು ಷಿಕಾಗೋ ನಗರದ ಚಾರ್ಲ್ಸ್ ಹಗ್ಗಿನ್ಸ್ ಎಂಬವರು 1941ರಲ್ಲಿ ಹಾಕಿದರು. 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಆದಕಾರಣ ಮಗಳು ತನ್ನ ಓದನ್ನು ಮುಗಿಸಲಿ, ಮದುವೆಯು ತಕ್ಕ ಕಾಲಕ್ಕೆ ಆಗಲಿ ಎಂದು ನಿಶ್ಚಯಿಸಿದೆವು. ಮಕ್ಕಳಿಂದ ಏನನ್ನೂ ಮರೆಮಾಚಲಿಲ್ಲ. ತಂದೆಗೆ ಬಂದ ಈ ರೋಗದ ಅಪಾಯವು ಗಂಡುಮಕ್ಕಳಿಗೂ ಹೆಚ್ಚಾಗಿರುವುದರಿಂದ ಮಗನಿಗೆ ತಿಳಿದಿರಲೇಬೇಕು. ಮನೆಯಾಕೆಯು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನಾಂಕವನ್ನೂ ಅಂಕಿಯನ್ನೂ ಬರೆದಿಡುತ್ತಾಳೆ. ಮುಂದಿನ ಪರೀಕ್ಷೆಯು ದಸರೆಯ ಹೊತ್ತಿಗೆ. ಅದಕ್ಕೆ ಮೊದಲು ಗದ್ದೆಯ ನಾಟಿಯು ಮುಗಿಯಬೇಕಾಗಿದೆ.