ತೊಡೆಯ ಮೇಲಿನ ಮಗು

ನಮ್ಮ ಕಡೆ, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಗಡಿಸೀಮೆಯಲ್ಲಿ, ಕಾರಿನಲ್ಲಿ ಎಷ್ಟು ಜನ ಹಿಡಿಸುತ್ತಾರೆಂದು ಯಾರೂ ಕೇಳುವುದಿಲ್ಲ. ಎಷ್ಟು ಜನ ಹೊರಟಿದ್ದಾರೆಂದಷ್ಟೇ ಕೇಳುತ್ತಾರೆ. ಮಿರಜಿನ ದವಾಖಾನೆಗೆ, ಕುಡಚಿಯ ನಿಕಾಹಕ್ಕೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟ ಕೆಎ-23 ನಂಬರಿನ ಸಣ್ಣ ಕಾರುಗಳನ್ನು ನೋಡಿ. ಮುಂದೆ ಇಬ್ಬರು, ಹಿಂದೆ ನಾಲ್ವರು. ಮಕ್ಕಳು ಲೆಕ್ಕಕ್ಕಿಲ್ಲ, ಅವರಿಗೆ ತೊಡೆ ಇದೆಯಲ್ಲ!

ದುಬೈಯಲ್ಲಿರುವ ನಮ್ಮ ತಮ್ಮ ಕಳೆದ ಸಲ ಈದಿಗೆ ಬಂದಾಗ ಹತ್ತು ತಿಂಗಳ ಮಗಳ ಜೊತೆ ಅವಳ ಕಾರಿನ ಆಸನವನ್ನೂ ಹೊತ್ತು ತಂದ. ಅಲ್ಲಿ 2017ರ ಜುಲೈಯಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅದು ಕಡ್ಡಾಯ. ತಪ್ಪಿದರೆ 400 ದಿರ್ಹಮ್ ದಂಡ. ನಮ್ಮ ಆಲ್ಟೊ ಕಾರಿನ ಹಿಂದಿನ ಸೀಟಿಗೆ ಅದನ್ನು ಬೆಲ್ಟಿನಿಂದ ಬಿಗಿದಾಗ ಹೆಚ್ಚುಕಡಿಮೆ ಅರ್ಧ ಸೀಟು ಅದಕ್ಕೇ ಹೋಯಿತು. ಎಳೆಗೂಸನ್ನು ಹಿಮ್ಮುಖವಾಗಿ ಕೂಡಿಸಬೇಕಾದ್ದರಿಂದ ಮುಂದಿನ ಸೀಟನ್ನೂ ಸರಿಸಬೇಕಾಯಿತು. ಅಲ್ಲಿ ಕುಳಿತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಅಂಟಿತು. ಪೋರ್ಷೆ 911ರಂಥ ಸ್ಪೋರ್ಟ್ಸ್ ಕಾರುಗಳಲ್ಲೂ ಹಿಂದೆ ಎರಡು ಗುಬ್ಬಚ್ಚಿ ಸೀಟುಗಳಿರುತ್ತವೆ. ಆ ಸಾಹುಕಾರರಿಗೆ ಮಗುವನ್ನು ಎಲ್ಲಿ ಕೂಡಿಸುವುದೆಂಬ ಚಿಂತೆ, ನಮಗೆ ಯಾರನ್ನು ಇಳಿಸುವುದೆಂಬ ಚಿಂತೆ.

ಅಮ್ಮಿ ಆಸನವನ್ನೊಮ್ಮೆ ತಟ್ಟಿ ನೋಡಿದರು. "ಅರೇ ಬೇಟಾ, ನಿಮ್ಮನ್ನೆಲ್ಲಾ ಈ ತೊಡಿಮ್ಯಾಲೇ ಬೆಳಸೇನಿ. ಈ ಪ್ಲಾಸ್ಟಿಕ್ ಕುರ್ಚಿಗಿಂತ ನಾ ಕಡಿಮಿ ಏನು?" ಎಂದರು.

ಇದಕ್ಕೆ ಕಾಯಿದೆಯ ಉತ್ತರ ಸುಲಭ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟಾಗಲಿ, ಮಕ್ಕಳ ಆಸನವಾಗಲಿ ಇಲ್ಲದಿದ್ದರೆ 1000 ರೂಪಾಯಿ ದಂಡ. ಗಡಿ ತಂಟೆ ಏನೇ ಇರಲಿ, ಕಾಗವಾಡಕ್ಕೂ ಮಿರಜಿಗೂ ಈ ಕಾಯಿದೆ ಒಂದೇ. ಆದರೆ ಅಮ್ಮಿ ಕೇಳಿದ್ದು ಕಾಯಿದೆಯನ್ನಲ್ಲ, ತಮ್ಮ ತೊಡೆಯ ಮರ್ಯಾದೆಯನ್ನು. ಅವರಿಗೆ ಲೆಕ್ಕ ಹೇಳುವುದೇ ಕಷ್ಟವಾಯಿತು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹತ್ತು ಕಿಲೋ ಕೂಸನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರ ತಡೆಯುವ ಕೈ ಬೇಕು. ಪೈಲ್ವಾನನಿಗೂ ಆಗದ ಮಾತು. ಮೇಲಾಗಿ ಬೆಲ್ಟು ಹಾಕದ ಹಿರಿಯರು ಮುಂದಕ್ಕೆ ಬಿದ್ದರೆ ತೊಡೆಯ ಮೇಲಿನ ಮಗು ಅವರಿಗೂ ಮುಂದಿನ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಹಿಂದಿನ ಸೀಟು ಸುರಕ್ಷಿತ ಎಂಬ ನಂಬಿಕೆಯೂ ಅರ್ಧ ಸತ್ಯ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಇನ್ನು ನಮ್ಮ ರಸ್ತೆಗಳು! ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಕತ್ತಲಲ್ಲಿ ಗೋಡೆಯಂತೆ ಎದುರಾಗುತ್ತವೆ. ನಿಪ್ಪಾಣಿಯ ಹೆದ್ದಾರಿಯಲ್ಲಿ ಲಾರಿಗಳು ಯಾರಿಗೂ ಕಾಯುವುದಿಲ್ಲ.

ಹಾಗೆಂದು ಆಸನ ಕೊಳ್ಳದ ತಾಯಿ-ತಂದೆಯರನ್ನು ಜರೆಯಲು ನಮಗೆ ಮನಸ್ಸಿಲ್ಲ. ಬೀಡಿ ಕಟ್ಟುವ ಮನೆಯವರಿಗೆ ಕೆಲವು ಸಾವಿರದ ಕುರ್ಚಿ ದೂರದ ಮಾತು. ಬಹುತೇಕರಿಗೆ ಇರುವುದೇ ಬೈಕು. ಬೈಕಿಗೂ 2023ರ ಫೆಬ್ರವರಿಯಿಂದ ನಿಯಮವಿದೆ: ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಕಟ್ಟಬೇಕು, ಅಳತೆಯ ಹೆಲ್ಮೆಟ್ ಹಾಕಬೇಕು, ವೇಗ 40 ದಾಟಬಾರದು. ಅಥಣಿಯ ಸಂತೆಯಲ್ಲಿ ಅಂಥ ಪಟ್ಟಿ ಕಟ್ಟಿದ ಒಂದು ಕೂಸನ್ನೂ ನಾವು ಕಂಡಿಲ್ಲ. ಹೆಲ್ಮೆಟ್ಟು ಅಪ್ಪನ ತಲೆಯ ಮೇಲೂ ಇರುವುದಿಲ್ಲ, ಟಾಕಿಯ ಮೇಲಿರುತ್ತದೆ.

ಕುಡಚಿಯ ನಿಕಾಹದ ದಿನ ಇಬ್ಬರು ಖಾಲಾಗಳು ತಾವೇ ಕಾರಿನಿಂದಿಳಿದು ಬಸ್ಸಿಗೆ ಹೋದರು. 2023ರಿಂದ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲವಲ್ಲ, ಅವರಿಗೇನೂ ಬೇಸರವಾಗಲಿಲ್ಲ. ಅಮ್ಮಿ ಆಸನದ ಪಕ್ಕ ಕುಳಿತು ತಾವೂ ಬೆಲ್ಟು ಬಿಗಿಸಿಕೊಂಡರು. ರಾಯಬಾಗ ದಾಟುವವರೆಗೆ ಕೂಸು ಅತ್ತಿತು. ಅಮ್ಮಿ ಅದರ ಒಂದು ಪಾದ ಹಿಡಿದುಕೊಂಡೇ ಇದ್ದರು, ಆದರೆ ಎತ್ತಿಕೊಳ್ಳಲಿಲ್ಲ.