ಎರಡು ಕಂಠಗಳ ಗಡಿಯಲ್ಲಿ

ಮನೆಯಲ್ಲಿಯೇ ಧ್ವನಿಪೆಟ್ಟಿಗೆಗಳನ್ನು ಕಟ್ಟುವ ಹವ್ಯಾಸಿಗಳಲ್ಲಿ ಬಹುಮಂದಿ ಮರದ ಜಾತಿಯನ್ನೂ ವೂಫರಿನ ಗಾತ್ರವನ್ನೂ ಕುರಿತು ಗಂಟೆಗಟ್ಟಲೆ ಚರ್ಚಿಸುವರು; ನನಗಾದರೋ, ಯಾರ ಕಣ್ಣಿಗೂ ಬೀಳದಂತೆ ಪೆಟ್ಟಿಗೆಯ ಒಳಗೋಡೆಗೆ ಅಂಟಿ ಕುಳಿತು, ಮಂದ್ರವನ್ನು ವೂಫರಿಗೂ ತಾರವನ್ನು ಟ್ವೀಟರಿಗೂ ಹಂಚಿಕೊಡುವ ಕ್ರಾಸೋವರ್ ಎಂಬ ಆ ಪುಟ್ಟ ಮಂಡಲದಲ್ಲಿಯೇ ಈ ಕಲೆಯ ಸಾರಸರ್ವಸ್ವವೂ ಇದೆಯೆಂದು ತೋರುತ್ತದೆ.

ಅದರ ಮೂಲತತ್ತ್ವ ಸರಳವಾದುದು. ಆವರ್ತನ ಏರಿದಂತೆಲ್ಲ ತಾಮ್ರದ ಸುರುಳಿಯು ವಿದ್ಯುತ್ತನ್ನು ಹೆಚ್ಚುಹೆಚ್ಚಾಗಿ ತಡೆಯುತ್ತದೆ. ಕೆಪ್ಯಾಸಿಟರಿನ ಸ್ವಭಾವ ಇದಕ್ಕೆ ತದ್ವಿರುದ್ಧ. 8 ಓಮ್‌ನ ಸ್ಪೀಕರುಗಳನ್ನು 2000 ಹರ್ಟ್ಸ್‌ನಲ್ಲಿ ಬೇರ್ಪಡಿಸಲು ವೂಫರಿಗೆ 0.64 ಮಿಲಿಹೆನ್ರಿಯ ಸುರುಳಿ, ಟ್ವೀಟರಿಗೆ 10 ಮೈಕ್ರೊಫ್ಯಾರಡ್‌ನ ಕೆಪ್ಯಾಸಿಟರ್ ಸಾಕೆಂದು ಸೂತ್ರವು ಹೇಳುತ್ತದೆ. ಆದರೆ ಸೂತ್ರವು ಬಲ್ಲದ್ದು ನಿಶ್ಚಲವಾದ ರೋಧಕವನ್ನು ಮಾತ್ರ. ಸ್ಪೀಕರಾದರೋ ಚಲಿಸುವ ವಸ್ತುವಾದುದರಿಂದ, ಅದರ ಇಂಪೀಡೆನ್ಸ್ ಅನುರಣನದ ಆವರ್ತನದಲ್ಲಿ ಹಲವು ಮಡಿ ಏರಿ, ಬಳಿಕ ಇಳಿದು, ಧ್ವನಿಸುರುಳಿಯ ಪ್ರೇರಕತ್ವದ ದೆಸೆಯಿಂದ ಮೇಲಿನ ಆವರ್ತನಗಳಲ್ಲಿ ಮತ್ತೆ ಏರತೊಡಗುತ್ತದೆ. ಅಲ್ಲಿಗೆ ಸೂತ್ರದ ಲೆಕ್ಕ ತಪ್ಪಿತು. ವೂಫರಿಗೆ ಸಮಾಂತರವಾಗಿ ಒಂದು ರೋಧಕವನ್ನೂ ಕೆಪ್ಯಾಸಿಟರನ್ನೂ ಸರಣಿಯಲ್ಲಿ ಜೋಡಿಸಿ ಆ ಏರಿಕೆಯನ್ನು ಸಮಗೊಳಿಸುವ ಜೋಬೆಲ್ ಮಂಡಲವನ್ನು ಕಂಡಾಗಲೆಲ್ಲ, ಇಷ್ಟು ಅಲ್ಪ ಸಾಧನದಿಂದ ಇಷ್ಟು ದೊಡ್ಡ ಉಪಕಾರವೇ ಎಂದು ನನ್ನ ಮನಸ್ಸು ಅರಳುತ್ತದೆ.

ಸುರುಳಿಯನ್ನು ನಾನೇ ಸುತ್ತುವೆನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತೂಕದ ಮೇಲೆ ಕೊಂಡ ಎನಾಮಲ್ ತಂತಿ ಬೆರಳುಗಳ ನಡುವೆ ಬಿಗಿಯಾಗಿ ಜಾರುತ್ತ ಸುತ್ತಿನ ಪಕ್ಕಕ್ಕೆ ಸುತ್ತಾಗಿ ಕೂಡುವುದನ್ನು ನೋಡುವುದೇ ಒಂದು ಸುಖ. ಎರಡು ಸುರುಳಿಗಳನ್ನು ಒಂದೇ ಹಲಗೆಯ ಮೇಲೆ ಕೂರಿಸುವಾಗ ಒಂದನ್ನು ಮಲಗಿಸಿ ಇನ್ನೊಂದನ್ನು ಲಂಬಕೋನದಲ್ಲಿ ನಿಲ್ಲಿಸಿ, ನಡುವೆ ಸಾಕಷ್ಟು ಅಂತರವನ್ನೂ ಬಿಡಬೇಕು. ಇಲ್ಲವಾದರೆ ಒಂದರ ಕಾಂತಕ್ಷೇತ್ರ ಮತ್ತೊಂದನ್ನು ಹೊಕ್ಕು, ಬೇರ್ಪಡಿಸಿದ ಸ್ವರಗಳೆರಡೂ ಪುನಃ ಬೆರೆಯುವುವು.

ಹ್ಯೂಲೆಟ್-ಪ್ಯಾಕರ್ಡ್‌ನ ಎಂಜಿನಿಯರುಗಳಾದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಇವರ ಹೆಸರಿನಿಂದ ಪ್ರಸಿದ್ಧವಾದ, 1976ರಲ್ಲಿ ಪ್ರಕಟವಾದ ವಿಧಾನವೇ ನನಗೆ ಎಲ್ಲಕ್ಕಿಂತ ಪ್ರಿಯ. ಗಡಿಯ ಆವರ್ತನದಲ್ಲಿ ಸ್ಪೀಕರುಗಳೆರಡೂ 6 ಡೆಸಿಬೆಲ್‌ನಷ್ಟು ತಗ್ಗಿ, ಸಮಕಲೆಯಲ್ಲಿ ಸೇರಿ, ಪೂರ್ಣಧ್ವನಿಯನ್ನೇ ಮರಳಿ ಕೊಡುವುವು. ಇದರ ಪರೀಕ್ಷೆಯೂ ಸೊಗಸಾದುದು: ಟ್ವೀಟರಿನ ತಂತಿಗಳನ್ನು ಅದಲುಬದಲು ಮಾಡಿ ಮೈಕಿನಿಂದ ಅಳೆದರೆ ಗಡಿಯಲ್ಲಿ ಆಳವಾದ ಕುಳಿಯೊಂದು ಕಾಣಬೇಕು, ವಿರೋಧದಲ್ಲಿ ಒಂದನ್ನೊಂದು ನಿಶ್ಶೇಷವಾಗಿ ಅಳಿಸಬಲ್ಲ ಧ್ವನಿಗಳೇ ಮೈತ್ರಿಯಲ್ಲಿ ನಿಶ್ಶೇಷವಾಗಿ ಕೂಡಬಲ್ಲವು.

ಮೈಕು ಒಪ್ಪಿದ ಮೇಲೆ ತಂಬೂರಿಯ ಧ್ವನಿಮುದ್ರಿಕೆಯೂ ಒಪ್ಪಬೇಕು. ಕುದುರೆಯ ಮೇಲಿನ ಜೀವಾಳದಿಂದ ಏಳುವ ಆ ಝೇಂಕಾರದ ಉಪಸ್ವರಗಳು ಗಡಿಯ ಎರಡೂ ಬದಿಗೆ ಹರಡಿರುವುದರಿಂದ, ಟ್ವೀಟರು ಒಂದಿಷ್ಟು ಮುಂದಾದರೂ ಝೇಂಕಾರ ತಂತಿಯನ್ನು ಬಿಟ್ಟು ಬೇರೆಯಾಗಿ ಮೇಲಿನಿಂದ ಕೇಳಿಸುತ್ತದೆ. ಆಗ ಟ್ವೀಟರಿನ ರೋಧಕವನ್ನು ಅರ್ಧ ಓಮ್‌ನಷ್ಟು ಹೆಚ್ಚಿಸಿ, ಬೆಸುಗೆ ಆರುವಷ್ಟು ಹೊತ್ತು ಕಾದು, ಅದೇ ಧ್ವನಿಮುದ್ರಿಕೆಯನ್ನು ಮೊದಲಿನಿಂದ ಹಾಕುತ್ತೇನೆ.