ಬಂಗಾರವೂ ಭಂಗಾರವೂ

ನಮ್ಮ ಚಿಕ್ಕೋಡಿಯ ಕಡೆ ಕನ್ನಡಕ್ಕೂ ಮರಾಠಿಗೂ ನಡುವಿನ ಗೋಡೆ ಬಹಳ ತೆಳು. ಒಂದು ಅಕ್ಷರಕ್ಕೆ ಮಹಾಪ್ರಾಣ ಹಚ್ಚಿದರೆ ಸಾಕು, ಇದ್ದ ಐಶ್ವರ್ಯವೆಲ್ಲ ಗುಜರಿಯಾಗುತ್ತದೆ. ಕನ್ನಡದ ಬಂಗಾರ ಕೊರಳಲ್ಲಿರುತ್ತದೆ. ಮರಾಠಿಯಿಂದ ಬಂದ ಭಂಗಾರ ಕೈಗಾಡಿಯ ಮೇಲೆ ಓಣಿ ಓಣಿ ತಿರುಗುತ್ತದೆ. ನನ್ನ ಹಿತ್ತಲಲ್ಲಿ ಬಿದ್ದಿದ್ದ ಐದು ಕಾರಿನ ಗಾಲಿಗಳು ಇವೆರಡರಲ್ಲಿ ಯಾವ ಜಾತಿಯವು ಎಂಬುದೇ ನನಗೂ ನನ್ನ ಹೆಂಡತಿಗೂ ಇದ್ದ ವ್ಯಾಜ್ಯ.

ಅವು ಅಥಣಿ ತಾಲ್ಲೂಕಿನ ಹೊಳೆದಂಡೆಯ ಊರಲ್ಲಿದ್ದ ನಮ್ಮ ದೊಡ್ಡಪ್ಪನ ಅಂಬಾಸಿಡರ್ ಕಾರಿನವು. ನಾಲ್ಕು ಗಾಲಿ, ಒಂದು ಸ್ಟೆಪ್ನಿ. 1981ರಲ್ಲಿ ತಂಬಾಕು ಬೆಳೆಗಾರರು ತಕ್ಕ ಬೆಲೆ ಬೇಡಿ ನಿಪ್ಪಾಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತಾಗ, ದೊಡ್ಡಪ್ಪ ಅದೇ ಕಾರಿನಲ್ಲಿ ರೊಟ್ಟಿಯ ಗಂಟುಗಳನ್ನು ಹೇರಿಕೊಂಡು ಹೋಗಿದ್ದರು. ಕಾರ್ಖಾನೆಯವರು 2014ರಲ್ಲಿ ಅಂಬಾಸಿಡರ್ ಮಾಡುವುದನ್ನೇ ನಿಲ್ಲಿಸಿದರು. ನಮ್ಮದು ಮಾತ್ರ ಓಡುತ್ತಲೇ ಇತ್ತು, 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬರುವ ತನಕ. ನೀರು ಇಳಿದ ಮೇಲೆ ಕಾರು ಗುಜರಿಗೆ ಹೋಯಿತು. ಗಾಲಿಗಳನ್ನು ನಾನು ತಂದುಕೊಂಡೆ.

‘ಇವನ್ನ ಭಂಗಾರದವಗ ಹಾಕ್ರಿ. ತುಳಸಿಗಿಡಕ್ಕ ಸುತ್ತು ಹಾಕೂದಕ್ಕೂ ಜಾಗಾ ಇಲ್ಲ,’ ಎಂದು ಆಕೆ ಹೇಳಿದ್ದು ಎಷ್ಟು ಸಲವೋ! ರಾಯಬಾಗದ ನನ್ನ ತಂಗಿಯ ಮಗನ ಬಳಿ ಇನ್ನೂ ಒಂದು ಅಂಬಾಸಿಡರ್ ಓಡುತ್ತಿದೆ. ಕಬ್ಬಿನ ಹಂಗಾಮಿನ ರಸ್ತೆಯ ತಗ್ಗುಗಳಲ್ಲಿ ಬಿದ್ದು ಅದರ ಗಾಲಿಗಳು ಸೊಟ್ಟಗಾಗಿದ್ದವು. ‘ಮಾಮಾ, ಅವನ್ನ ನನಗ ಕೊಡ್ರಿ,’ ಎಂದ. ನನಗೆ ಜಯವಾದಂತಾಯಿತು.

ನಿವೃತ್ತ ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗವಿಲ್ಲ. ಮೊದಲು ಚಿಮಣಿ ಎಣ್ಣೆಯಲ್ಲಿ ಹಳೆಯ ಜಿಡ್ಡು ತೊಳೆಯಬೇಕು. ತಂತಿಯ ಬ್ರಶ್ಶಿನಿಂದ ಹೊಪ್ಪಳಿಕೆ ತುಕ್ಕನ್ನು ಕೆರೆಯಬೇಕು. ಆಮೇಲೆ ಪಾಲಿಶ್ ಕಾಗದ: 80ನೆಯ ನಂಬರು, ಅನಂತರ 220, ಕೊನೆಗೆ 400. ಇಲ್ಲಿ ನಂಬರು ಏರಿದಷ್ಟೂ ಕಾಗದ ನುಣುಪು. ನನ್ನ ವಿದ್ಯಾರ್ಥಿಗಳ ವಿಷಯದಲ್ಲಿ ಹಾಗೆ ಹೇಳಲಾರೆ! ಕಬ್ಬಿಣ ಬೆಳ್ಳಗಾದ ಕೂಡಲೇ ರೆಡ್ ಆಕ್ಸೈಡ್ ಬಳಿಯಬೇಕು; ಮಳೆಗಾಲದ ಗಾಳಿಗೆ ಒಂದು ರಾತ್ರಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ಮತ್ತೆ ಮೂಡಿರುತ್ತದೆ. ಅದರ ಮೇಲೆ ಬೆಳ್ಳಿ ಬಣ್ಣ. ಗಾಲಿಯ ಕ್ರೋಮಿನ ಟೋಪಿಗಳಿಗೆ ಹೆಂಡತಿ ಹುಣಸೆಹಣ್ಣು ಸೂಚಿಸಿದಳು. ಹುಣಸೆಗೆ ಹಿತ್ತಾಳೆ ಒಲಿದೀತು, ಕ್ರೋಮು ಒಲಿಯದು. ಅದು ಕಬ್ಬಿಣದ ಮೇಲಿನ ತೆಳ್ಳನೆಯ ಪದರ. ಬಿರುಸಾಗಿ ಉಜ್ಜಿದರೆ ಹೊಳಪಿನ ಜೊತೆಗೆ ಪದರವೇ ಹೋಗುತ್ತದೆ.

ಐದನೆಯ ಗಾಲಿಯಲ್ಲಿ ಬೋಲ್ಟಿನ ತೂತಿನ ಪಕ್ಕಕ್ಕೆ ತುಕ್ಕು ಆಳವಾಗಿ ತಿಂದಿತ್ತು. ಕೆರೆದಾಗ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಅದು ಏನೆಂದು ನನಗೆ ತಿಳಿಯಲಿಲ್ಲವೆಂದರೆ ಸುಳ್ಳಾದೀತು. ಆದರೆ ನಾಲ್ಕು ಗಾಲಿ ಥಳಥಳಿಸುತ್ತಿರುವಾಗ ಐದನೆಯದನ್ನು ಸೋಲೆಂದು ಒಪ್ಪಿಕೊಳ್ಳಲು ಮನಸ್ಸು ಬಾರದು. ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದೆ. ಐದರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಹೊಳೆಯಿತು. ನೋಡಿದ ಹೆಂಡತಿ, ‘ಅಡ್ಡಿಯಿಲ್ಲ, ಬಂಗಾರಾನ ಮಾಡೀರಿ,’ ಎಂದಳು. ನಾನು ಸುಮ್ಮನಿದ್ದೆ.

ಟಾಯರ್ ಏರಿಸಲು ಅಳಿಯನೊಡನೆ ನಿಪ್ಪಾಣಿಗೆ ಹೋದೆ. ಅವನ ಇಬ್ಬರು ಚಿಕ್ಕ ಹೆಣ್ಣುಮಕ್ಕಳು ಹಿಂದಿನ ಸೀಟಿನಲ್ಲಿ ಜಗಳಾಡುತ್ತಿದ್ದರು. ಅಂಗಡಿಯ ಮೇಸ್ತ್ರಿ ನನ್ನ ಬಣ್ಣದ ಕಡೆ ನೋಡಲೇ ಇಲ್ಲ. ಪ್ರತಿಯೊಂದು ಗಾಲಿಯನ್ನು ಎತ್ತಿ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ಬಡಿದ. ನಾಲ್ಕು ಗಾಲಿ ಗುಡಿಯ ಗಂಟೆಯಂತೆ ನುಡಿದವು. ಐದನೆಯದು ‘ಥಪ್’ ಎಂದಿತು.

ಆ ಸಪ್ಪಳ ನಾನು ಬಾಲ್ಯದಲ್ಲಿ ಕೇಳಿದ್ದೆ. ಊರ ಕಮ್ಮಾರ ಚಕ್ಕಡಿಯ ಗಾಲಿಗೆ ಹಳಿ ಕಟ್ಟುತ್ತಿದ್ದ. ಗಾಲಿಯ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ; ಕಟ್ಟಿಗೆಯ ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಬಿಗಿಯುತ್ತದೆ. ಬಿಗಿದ ಮೇಲೆ ಆತ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ. ಗಾಲಿಯನ್ನು ಕಣ್ಣಿನಿಂದ ನಂಬಬಾರದೆಂದು ಆತನಿಗೆ ಗೊತ್ತಿತ್ತು.

‘ಮಾಸ್ತರ್ರ, ಒಳಗ ಏನರ ತುಂಬೀರೇನು?’ ಎಂದ ಮೇಸ್ತ್ರಿ.

ಸೀಟಿನಲ್ಲಿದ್ದ ಮಕ್ಕಳ ಕಡೆ ನೋಡಿದೆ. ಐವತ್ತು ಜನ ಹುಡುಗರ ಮುಂದೆ ತಪ್ಪು ಒಪ್ಪಿಕೊಳ್ಳಿರೆಂದು ಬುದ್ಧಿ ಹೇಳಿದ ನಾಲಗೆ ಆಗ ಹೊರಳಲು ಬಹಳ ಹೊತ್ತು ತೆಗೆದುಕೊಂಡಿತು. ‘ತುಂಬೀನಿ. ಸೀಳಿತ್ತು, ಗೊತ್ತಿದ್ದೇ ತುಂಬೀನಿ,’ ಎಂದೆ. ಅಳಿಯ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ನಾಲ್ಕು ಗಾಲಿಗಳು ಈಗ ರಾಯಬಾಗದಲ್ಲಿ ಓಡುತ್ತಿವೆ. ಐದನೆಯದನ್ನು ನಾನೇ ಭಂಗಾರದವನ ತಕ್ಕಡಿಗೆ ಏರಿಸಿದೆ. ಹೆಂಡತಿಗೆ ಆಶ್ಚರ್ಯ. ಅದಕ್ಕಿಂತ ಹೆಚ್ಚಿನ ಆಶ್ಚರ್ಯವೆಂದರೆ, ಹಿಂದಿನ ದಿನ ಮಧ್ಯಾಹ್ನವೆಲ್ಲ ಕುಳಿತು ನಾನು ಅದರ ಬೆಳ್ಳಿ ಬಣ್ಣವನ್ನೂ ಪುಟ್ಟಿಯನ್ನೂ ಕೆರೆದು ತೆಗೆದದ್ದು. ಗುಜರಿಯಿಂದ ಅದು ಇನ್ನಾರ ಕೈಗೆ ಹೋದರೂ, ಆ ಗೆರೆ ಅವರ ಕಣ್ಣಿಗೆ ಕಾಣಲಿ ಎಂದು.